ವಾರಸುದಾರರಿಲ್ಲದ ಯಾನ: 1984ರ ಗಗನಯಾತ್ರೆ ಮತ್ತು ಹೈದರಾಬಾದು

1984ರ ಏಪ್ರಿಲ್ 3ರ ಸಂಜೆ, ಭಾರತೀಯ ಕಾಲಮಾನ ಆರೂವರೆ ದಾಟಿದ ಹೊತ್ತಿಗೆ, ಕಜಾಕಸ್ತಾನದ ಬೈಕನೂರಿನಿಂದ ಸೋಯುಜ್ ಟಿ-11 ನೌಕೆ ಮೇಲೇರಿತು. ಅದರಲ್ಲಿ ಯೂರಿ ಮಾಲಿಶೇವ್, ಗೆನ್ನಾದಿ ಸ್ತ್ರೆಕಾಲೋವ್ ಮತ್ತು ಭಾರತೀಯ ವಾಯುಪಡೆಯ ಸ್ಕ್ವಾಡ್ರನ್ ಲೀಡರ್ ರಾಕೇಶ್ ಶರ್ಮಾ ಇದ್ದರು. ಸಲ್ಯೂತ್-7 ನಿಲ್ದಾಣದಲ್ಲಿ ಆಗಲೇ ವಾಸವಿದ್ದ ಕಿಜಿಮ್, ಸೊಲೊವ್ಯೋವ್, ಅತ್ಕೋವ್ ಎಂಬ ಮೂವರನ್ನು ಇವರು ಸೇರಿಕೊಂಡರು. ಯಾನದ ಒಟ್ಟು ಅವಧಿ 7 ದಿನ 21 ಗಂಟೆ 40 ನಿಮಿಷ. ಏಪ್ರಿಲ್ 11ರಂದು ಸೋಯುಜ್ ಟಿ-10ರಲ್ಲಿ ಕೂತು ಮೂವರೂ ನೆಲಕ್ಕೆ ಮರಳಿದರು. ಇಷ್ಟು ಸಂಗತಿ ಶಾಲಾಪಠ್ಯದಲ್ಲೂ ಸಿಗುತ್ತದೆ. ಜನರ ನೆನಪಿನಲ್ಲಿ ಇದಕ್ಕಿಂತ ಗಟ್ಟಿಯಾಗಿ ನಿಂತಿರುವುದು ಪ್ರಧಾನಿ ಇಂದಿರಾ ಗಾಂಧಿಯವರು ಮೇಲಿನಿಂದ ಭಾರತ ಹೇಗೆ ಕಾಣುತ್ತದೆಂದು ಕೇಳಿದ್ದು, ಶರ್ಮಾ ಅವರು ಇಕ್ಬಾಲರ ಗೀತೆಯ ಮೊದಲ ಸಾಲಿನಲ್ಲೇ ಉತ್ತರ ಕೊಟ್ಟದ್ದು. ಉತ್ತರ ಸೊಗಸಾಗಿತ್ತು, ಅದನ್ನು ಮರೆಯಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಒಂದು ಸೊಗಸಾದ ಉತ್ತರ ನಲವತ್ತು ವರ್ಷ ಓಡಾಡುತ್ತಿದ್ದರೆ ಅದರ ಹಿಂದಿದ್ದ ಕೆಲಸ ಮರೆಗೆ ಸರಿಯುತ್ತದೆ. ಆ ಯಾನದಲ್ಲಿ 43 ಪ್ರಯೋಗ ಅವಧಿಗಳು ನಡೆದವು. ಅವುಗಳಿಂದ ಬಂದದ್ದು ಯಾರ ಕೈಗೆ ಸೇರಿತು, ಯಾವ ಸಂಸ್ಥೆ ಅದನ್ನು ಮುಂದಕ್ಕೆ ಒಯ್ದಿತು, ಯಾವುದು ಕೈಬಿಟ್ಟಿತು ಎಂದು ಕೇಳಿದವರು ಕಡಿಮೆ. ಆ ಪ್ರಶ್ನೆಯ ಬೆನ್ನು ಹಿಡಿದರೆ ದಾರಿ ನಮ್ಮ ಹೈದರಾಬಾದಿಗೇ ಬರುತ್ತದೆ ಎಂಬುದು ಈ ಲೇಖನದ ವಾದ.

ಹೈದರಾಬಾದು ಈ ಯಾನದ ಮೇಲೆ ಹಕ್ಕು ಸಾಧಿಸುವುದು ಸಾಮಾನ್ಯವಾಗಿ ಬೇರೆ ಬಾಗಿಲಿನಿಂದ. ಶರ್ಮಾ ಹುಟ್ಟಿದ್ದು ಪಟಿಯಾಲದಲ್ಲಾದರೂ ಓದಿದ್ದು ಇಲ್ಲಿಯ ಸೇಂಟ್ ಜಾರ್ಜಸ್ ಗ್ರಾಮರ್ ಶಾಲೆಯಲ್ಲಿ, ಬಳಿಕ ನಿಜಾಮ್ ಕಾಲೇಜಿನಲ್ಲಿ. 1966ರಲ್ಲಿ ರಾಷ್ಟ್ರೀಯ ರಕ್ಷಣಾ ಅಕಾಡೆಮಿ ಸೇರಿ, 1970ರಲ್ಲಿ ವಾಯುಪಡೆಯ ಪೈಲಟ್ ಆಗಿ, 1971ರ ಯುದ್ಧದಲ್ಲಿ ಮಿಗ್-21 ಹಾರಿಸಿ, ಪರೀಕ್ಷಾ ಪೈಲಟ್ ಆದವರು. ‘ನಮ್ಮೂರ ಹುಡುಗ’ ಎಂದು ಹೆಮ್ಮೆಪಡುವುದರಲ್ಲಿ ತಪ್ಪೇನಿಲ್ಲ. ಆದರೆ ಒಬ್ಬ ವ್ಯಕ್ತಿಯ ಬಾಲ್ಯ ಎಲ್ಲಿ ಕಳೆಯಿತು ಎಂಬುದು ಆಕಸ್ಮಿಕ. ತಂದೆಯ ಉದ್ಯೋಗ ಬೇರೆ ಊರಿನಲ್ಲಿದ್ದಿದ್ದರೆ ಆ ಹೆಮ್ಮೆ ಆ ಊರಿನದಾಗುತ್ತಿತ್ತು. ಸಂಸ್ಥೆಗಳ ಚರಿತ್ರೆಯನ್ನು ಬರೆಯುವ ಈ ಸಂಚಿಕೆಗೆ ಆಕಸ್ಮಿಕಕ್ಕಿಂತ ಗಟ್ಟಿಯಾದ ಆಧಾರ ಬೇಕು. ಅದು ಈ ಊರಿನಲ್ಲೇ ಇದೆ. 1974ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ರಾಷ್ಟ್ರೀಯ ದೂರಸಂವೇದಿ ಸಂಸ್ಥೆ, ಅಂದರೆ ಎನ್‌ಆರ್‌ಎಸ್‌ಎ, ಇಂದಿನ ಎನ್‌ಆರ್‌ಎಸ್‌ಸಿ. ಮೇಲಿನಿಂದ ಭಾರತ ಹೇಗೆ ಕಾಣುತ್ತದೆ ಎಂಬ ಪ್ರಶ್ನೆಗೆ ಉತ್ತರ ಹೇಳುವುದನ್ನೇ ದಿನನಿತ್ಯದ ಕಸುಬಾಗಿಸಿಕೊಂಡಿದ್ದ ಸಂಸ್ಥೆ ಅದು. ಪ್ರಧಾನಿಯವರು ಆ ಪ್ರಶ್ನೆ ಕೇಳುವುದಕ್ಕೆ ಹತ್ತು ವರ್ಷ ಮೊದಲೇ ಅದು ಕೆಲಸ ಆರಂಭಿಸಿತ್ತು, ಉತ್ತರವನ್ನು ಎಕರೆ ಹೆಕ್ಟೇರುಗಳಲ್ಲಿ ಹೇಳುತ್ತಿತ್ತು.

ಮೊದಲು ಒಂದು ಆಕ್ಷೇಪಣೆಯನ್ನು ಎದುರಿಸಬೇಕು. ಈ ಯಾನ ರಾಜಕೀಯದ ಪ್ರದರ್ಶನವಷ್ಟೇ, ವಿಜ್ಞಾನ ಅದಕ್ಕೆ ಹಚ್ಚಿದ ಬಣ್ಣ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. ಸೋವಿಯತ್ ಒಕ್ಕೂಟ ಇಂಟರ್‌ಕಾಸ್ಮೋಸ್ ಕಾರ್ಯಕ್ರಮದಲ್ಲಿ 1978ರಿಂದ ಮಿತ್ರದೇಶಗಳ ಒಬ್ಬೊಬ್ಬರನ್ನು ತನ್ನ ನಿಲ್ದಾಣಗಳಿಗೆ ಕರೆದೊಯ್ಯುತ್ತಿತ್ತು. ಚೆಕೊಸ್ಲೊವಾಕಿಯದ ವ್ಲಾದಿಮಿರ್ ರೆಮೆಕ್ ಮೊದಲಿಗರು, ಆಮೇಲೆ ಪೋಲೆಂಡ್, ಪೂರ್ವ ಜರ್ಮನಿ, ವಿಯೆಟ್ನಾಂ, ಕ್ಯೂಬಾ, ಮಂಗೋಲಿಯದವರು ಹೋದರು. 1982ರಲ್ಲಿ ಫ್ರಾನ್ಸಿನ ಜಾನ್-ಲೂ ಕ್ರೆತಿಯಾನ್ ಸಲ್ಯೂತ್-7ಕ್ಕೇ ಹೋಗಿ ಬಂದರು. ಈ ಪಟ್ಟಿಯನ್ನು ಯಾರು ಓದಿದರೂ ಅದು ವಿದೇಶಾಂಗ ನೀತಿಯ ಪಟ್ಟಿ ಎಂದು ತಿಳಿಯುತ್ತದೆ. ಆದರೆ ಪ್ರದರ್ಶನ ಎಂದ ಮಾತ್ರಕ್ಕೆ ಅಪಾಯವೂ ನಟನೆ ಎಂದಾಗುವುದಿಲ್ಲ. 1971ರಲ್ಲಿ ಜಗತ್ತಿನ ಮೊದಲ ಕಕ್ಷಾ ನಿಲ್ದಾಣ ಸಲ್ಯೂತ್-1ರಲ್ಲಿ ಮೂರು ವಾರ ಕಳೆದು ಹೊರಟ ಸೋಯುಜ್-11ರ ಮೂವರೂ ಮರಳುವ ದಾರಿಯಲ್ಲಿ, ನೌಕೆಯ ಗಾಳಿ ಸೋರಿಹೋಗಿ, ತೀರಿಕೊಂಡಿದ್ದರು. ಅಷ್ಟು ಹಿಂದಕ್ಕೆ ಹೋಗುವ ಅಗತ್ಯವೂ ಇಲ್ಲ. ಶರ್ಮಾ ಅವರ ಪಕ್ಕದಲ್ಲಿ ಕುಳಿತ ಸ್ತ್ರೆಕಾಲೋವ್ ಅವರ ಹಿಂದಿನ ಒಂದು ವರ್ಷವನ್ನೇ ನೋಡಬಹುದು. 1983ರ ಏಪ್ರಿಲ್‌ನಲ್ಲಿ ಅವರಿದ್ದ ಸೋಯುಜ್ ಟಿ-8 ಸಲ್ಯೂತ್-7ರ ಹತ್ತಿರ ಹೋಗಿಯೂ ಕೂಡಿಕೊಳ್ಳಲಾಗದೆ ಹಿಂದಿರುಗಿತು. ಅದೇ ವರ್ಷ ಸೆಪ್ಟೆಂಬರ್ 26ರಂದು ಅವರು ಮತ್ತೆ ಹೊರಟಾಗ ಉಡಾವಣಾ ಕಟ್ಟೆಯ ಮೇಲೆಯೇ ರಾಕೆಟ್ ಹೊತ್ತಿಕೊಂಡಿತು. ಪಾರುಗಾಣಿಸುವ ರಾಕೆಟ್ ಅವರ ಕ್ಯಾಪ್ಸೂಲನ್ನು ಕಿತ್ತೆಳೆದುಕೊಂಡು ಹೋದ ಕೆಲವೇ ಕ್ಷಣಗಳಲ್ಲಿ ಉಳಿದದ್ದೆಲ್ಲ ಸ್ಫೋಟಿಸಿತು. ಅದಾಗಿ ಏಳು ತಿಂಗಳೂ ತುಂಬಿರಲಿಲ್ಲ, ಅವರು ಭಾರತೀಯನೊಂದಿಗೆ ಮೂರನೇ ಸಲ ಅದೇ ನಿಲ್ದಾಣದತ್ತ ಹೊರಟರು. ಇದನ್ನು ತಿಳಿದ ಮೇಲೆ ‘ಬರೀ ಪ್ರದರ್ಶನ’ ಎಂಬ ಮಾತಿನ ತೂಕ ಕಡಿಮೆಯಾಗುತ್ತದೆ. ಅಷ್ಟಕ್ಕೂ ಆಹ್ವಾನ ರಾಜಕೀಯದ್ದಾದರೂ, ಸಿಕ್ಕ ಎಂಟು ದಿನಗಳಲ್ಲಿ ಏನು ಮಾಡಬೇಕೆಂಬ ಆಯ್ಕೆ ಭಾರತದ ಕೈಯಲ್ಲೂ ಇತ್ತು. ಚರ್ಚೆ ನಡೆಯಬೇಕಾದದ್ದು ಆ ಆಯ್ಕೆಯ ಬಗ್ಗೆ.

ಆ ಆಯ್ಕೆ ಹಲವು ಮನೆಗಳಲ್ಲಿ ಹಂಚಿಹೋಗಿತ್ತು. ಗಗನಯಾತ್ರಿ ವಾಯುಪಡೆಯವರು. ಶರ್ಮಾ ಮತ್ತು ಅವರಿಗೆ ಮೀಸಲಾಗಿ ಸಿದ್ಧರಾಗಿದ್ದ ವಿಂಗ್ ಕಮಾಂಡರ್ ರವೀಶ್ ಮಲ್ಹೋತ್ರಾ ಇಬ್ಬರೂ ಪೈಲಟ್‌ಗಳು. ಅವರನ್ನು ಆರಿಸುವ ವೈದ್ಯಕೀಯ ಪರೀಕ್ಷೆ ನಡೆದದ್ದು ಬೆಂಗಳೂರಿನ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ. ತೂಕರಹಿತ ಸ್ಥಿತಿಯಲ್ಲಿ ಹೃದಯದ ವರ್ತನೆಯ ಅಧ್ಯಯನ, ಯೋಗಾಭ್ಯಾಸದಿಂದ ದೇಹ ಆ ಸ್ಥಿತಿಗೆ ಹೊಂದಿಕೊಳ್ಳಲು ನೆರವಾಗುತ್ತದೆಯೇ ಎಂಬ ಪರೀಕ್ಷೆ, ಇವೆಲ್ಲ ವೈದ್ಯರ ಪಾಲು. ಮೇಲೆ ತಿನ್ನಲು ಕೊಂಡೊಯ್ದ ಭಾರತೀಯ ತಿನಿಸು ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯದ್ದು. ಸೈನಿಕರಿಗಾಗಿ ಒಣಗಿಸಿ ಕಟ್ಟಿಡುವ ಆಹಾರದಲ್ಲಿ ಪಳಗಿದ್ದ ಆ ಪ್ರಯೋಗಾಲಯಕ್ಕೆ ಇದು ಹೊಸ ಬಗೆಯ ಗಿರಾಕಿ. ಲೋಹಶಾಸ್ತ್ರದವರಿಗೆ ಬೆಳ್ಳಿ-ಜರ್ಮೇನಿಯಮ್ ಮಿಶ್ರಣವನ್ನು ಕರಗಿಸಿ ತಣಿಸುವ ಪ್ರಯೋಗ ಸಿಕ್ಕಿತು. ಭೂಮಿಯ ಛಾಯಾಚಿತ್ರ ತೆಗೆಯುವ ‘ಟೆರ್ರಾ’ ಪ್ರಯೋಗ ದೂರಸಂವೇದಿಯವರ ಪಾಲಾಯಿತು. ತರಬೇತಿಯಂತೂ ಮಾಸ್ಕೋ ಬಳಿಯ ಸ್ಟಾರ್ ಸಿಟಿಯಲ್ಲಿ, ರಷ್ಯನ್ ಭಾಷೆಯಲ್ಲಿ. ಹೀಗೆ ಒಂದೊಂದು ತುಂಡು ಒಂದೊಂದು ಕಡೆ ಇದ್ದು, ಇಡೀ ಯಾನ ತನ್ನದೆಂದು ಹೇಳಿಕೊಳ್ಳುವ ಭಾರತೀಯ ಸಂಸ್ಥೆ ಒಂದೂ ಇರಲಿಲ್ಲ. ಇಸ್ರೋ ಆಗ ಉಪಗ್ರಹ ಮತ್ತು ಉಡಾವಣಾ ವಾಹನಗಳಲ್ಲಿ ತೊಡಗಿತ್ತು, ಮನುಷ್ಯರನ್ನು ಮೇಲೆ ಕಳಿಸುವ ಇಲಾಖೆ ಅದಕ್ಕಿರಲಿಲ್ಲ. ವಾಯುಪಡೆಗೆ ಪೈಲಟ್‌ಗಳಿದ್ದರು, ಬಾಹ್ಯಾಕಾಶ ಕಾರ್ಯಕ್ರಮವಿರಲಿಲ್ಲ. ಯಾನ ಮುಗಿದ ಮೇಲೆ ಏನಾಯಿತು ನೋಡಿ. ಶರ್ಮಾ ಅವರಿಗೆ ಅಶೋಕ ಚಕ್ರ ಬಂತು, ಮಾಲಿಶೇವ್ ಮತ್ತು ಸ್ತ್ರೆಕಾಲೋವ್ ಅವರಿಗೂ ಬಂತು, ಮಲ್ಹೋತ್ರಾ ಅವರಿಗೆ ಕೀರ್ತಿ ಚಕ್ರ. ಆಮೇಲೆ ಶರ್ಮಾ ಮತ್ತೆ ವಿಮಾನಗಳಿಗೆ ಮರಳಿದರು, ಎಚ್‌ಎಎಲ್‌ನ ನಾಸಿಕ್ ಘಟಕದಲ್ಲಿ, ನಂತರ ಬೆಂಗಳೂರಿನಲ್ಲಿ ಪರೀಕ್ಷಾ ಪೈಲಟ್ ಆಗಿ ದುಡಿದರು. ಅವರು ಸ್ಟಾರ್ ಸಿಟಿಯಲ್ಲಿ ಕಲಿತದ್ದನ್ನು ಮುಂದಿನವರಿಗೆ ಕಲಿಸಲು ಒಂದು ತರಗತಿಯೂ ದೇಶದಲ್ಲಿ ಇರಲಿಲ್ಲ. ಪ್ರಶಸ್ತಿ ಕೊಡಲು ರಾಷ್ಟ್ರವಿತ್ತು, ಅನುಭವವನ್ನು ಬರೆದಿಟ್ಟುಕೊಳ್ಳಲು ಕಚೇರಿ ಇರಲಿಲ್ಲ.

ಈ ಚೂರುಗಳಲ್ಲಿ ಒಂದಕ್ಕೆ ಮಾತ್ರ ನೆಲದ ಮೇಲೆ ಸಿದ್ಧವಾದ ಮನೆ ಇತ್ತು. ಅದು ಟೆರ್ರಾ. ಸಲ್ಯೂತ್-7ರಲ್ಲಿ ಎಂಕೆಎಫ್-6ಎಂ ಮತ್ತು ಕೇಟ್-140 ಎಂಬ ಎರಡು ಕ್ಯಾಮೆರಾಗಳಿದ್ದವು. ಎಂಕೆಎಫ್ ಪೂರ್ವ ಜರ್ಮನಿಯ ಯೇನಾದ ಕಾರ್ಲ್ ಜೈಸ್ ಕಾರ್ಖಾನೆಯಲ್ಲಿ ತಯಾರಾದದ್ದು. ಅದರ ಆರು ಮಸೂರಗಳು ಒಂದೇ ನೆಲವನ್ನು ಒಂದೇ ಕ್ಷಣದಲ್ಲಿ ಬೆಳಕಿನ ಆರು ಬೇರೆ ಬೇರೆ ಪಟ್ಟಿಗಳಲ್ಲಿ, ನೀಲಿ-ಹಸಿರಿನಿಂದ ಹಿಡಿದು ಅವಕೆಂಪಿನ ತನಕ, ಫಿಲ್ಮಿನ ಮೇಲೆ ಇಳಿಸುತ್ತಿದ್ದವು. ಕೇಟ್-140 ನಕ್ಷೆ ತಯಾರಿಗೆ ಅನುಕೂಲವಾಗುವಂತೆ ಅಗಲವಾದ ಪ್ರದೇಶವನ್ನು ಹಿಡಿಯುವ ಕ್ಯಾಮೆರಾ. ಹಸಿರು ಎಲೆ ಅವಕೆಂಪು ಬೆಳಕನ್ನು ಬಹಳವಾಗಿ ಮರಳಿಸುತ್ತದೆ, ನೀರು ಅದನ್ನು ನುಂಗಿಬಿಡುತ್ತದೆ, ಒಣಮಣ್ಣು ಮತ್ತು ಹಸಿಮಣ್ಣು ಬೇರೆ ಬೇರೆಯಾಗಿ ವರ್ತಿಸುತ್ತವೆ. ಆದ್ದರಿಂದ ಆರು ಚಿತ್ರಗಳನ್ನು ಜೋಡಿಸಿ ನೋಡಿದಾಗ ಬರಿಗಣ್ಣಿಗೆ ಒಂದೇ ಬಣ್ಣವಾಗಿ ಕಂಡದ್ದು ಬೇರೆ ಬೇರೆಯಾಗಿ ಬಿಡಿಸಿಕೊಳ್ಳುತ್ತದೆ. ನಿಲ್ದಾಣದ ಕಕ್ಷೆ ಸಮಭಾಜಕಕ್ಕೆ 51.6 ಡಿಗ್ರಿ ವಾಲಿದ್ದರಿಂದ ಭಾರತದ ಯಾವ ಭಾಗವೂ ಅದರ ದಾರಿಯಿಂದ ಹೊರಗುಳಿಯುವಂತಿರಲಿಲ್ಲ. ಏಪ್ರಿಲ್ ತಿಂಗಳು, ಮುಂಗಾರಿನ ಮೋಡ ಇನ್ನೂ ಬಂದಿರದ ಕಾಲ. ಹಾಗೆಂದು ಕೆಲಸ ಸಲೀಸಾಗಿರಲಿಲ್ಲ. ಸುಮಾರು ಒಂದೂವರೆ ಗಂಟೆಗೆ ಭೂಮಿಯನ್ನು ಒಂದು ಸುತ್ತು ಹಾಕುವ ನಿಲ್ದಾಣ ಭಾರತವನ್ನು ದಾಟಿಬಿಡುವುದು ಕೆಲವೇ ನಿಮಿಷಗಳಲ್ಲಿ, ಅದೂ ಹಗಲಿನ ಸುತ್ತುಗಳು ಮಾತ್ರ ಲೆಕ್ಕಕ್ಕೆ.

ಕ್ಯಾಮೆರಾ ಇದ್ದ ಮೇಲೆ ಮನುಷ್ಯ ಯಾಕೆ ಬೇಕಿತ್ತು ಎಂಬ ಪ್ರಶ್ನೆ ಇಲ್ಲಿ ತಾನಾಗಿ ಏಳುತ್ತದೆ. ಈ ಕ್ಯಾಮೆರಾದ ಮಟ್ಟಿಗೆ ಕಾರಣ ತುಂಬ ಲೌಕಿಕವಾದದ್ದು: ಫಿಲ್ಮ್. ಎಂಕೆಎಫ್‌ನಂಥ ಕ್ಯಾಮೆರಾ ಚಿತ್ರವನ್ನು ರೇಡಿಯೋ ಮೂಲಕ ಕೆಳಕ್ಕೆ ಕಳಿಸಲಾರದು. ಫಿಲ್ಮಿನ ಸುರುಳಿಯನ್ನು ಯಾರೋ ಹಾಕಬೇಕು, ತೆಗೆಯಬೇಕು, ಕ್ಯಾಪ್ಸೂಲಿನಲ್ಲಿಟ್ಟು ಭೂಮಿಗೆ ತರಬೇಕು. ಯಾವಾಗ ಕ್ಲಿಕ್ಕಿಸಬೇಕು, ಮೋಡ ಎಲ್ಲಿದೆ ಎಂದು ಕಿಟಕಿಯಿಂದ ನೋಡಿ ನಿರ್ಧರಿಸುವ ಅನುಕೂಲವೂ ಇತ್ತು. ಹಾಗಾಗಿ ಗಗನಯಾತ್ರಿಯ ಕೆಲಸದಲ್ಲಿ ಒಂದು ಪಾಲು ಛಾಯಾಗ್ರಾಹಕನದು, ಇನ್ನೊಂದು ಪಾಲು ಅಂಚೆಯವನದು. ಈ ಮಾತನ್ನು ಕೀಳಾಗಿ ಭಾವಿಸಬೇಕಿಲ್ಲ. ಎಂಟು ದಿನದ ಅತಿಥಿಯಾಗಿ ಹೋದವರು ಬೇಗ ಮರಳುತ್ತಿದ್ದುದರಿಂದಲೇ ಫಿಲ್ಮೂ ಬೇಗ ಕೈಸೇರುತ್ತಿತ್ತು. ಆದರೆ ಇದೇ ಕಾರಣ ಆ ವಿಧಾನದ ಆಯುಸ್ಸನ್ನೂ ಹೇಳುತ್ತದೆ. ಚಿತ್ರವನ್ನು ಅಂಕಿಗಳಾಗಿ ಬದಲಿಸಿ ನೇರ ನೆಲಕ್ಕೆ ಕಳಿಸುವ ಉಪಗ್ರಹ ಬಂದ ದಿನ ಅಂಚೆಯವನ ಅಗತ್ಯ ಮುಗಿಯುತ್ತದೆ. ಆ ದಿನ ಹೈದರಾಬಾದಿನಲ್ಲಿ ಆಗಲೇ ಬಂದಾಗಿತ್ತು ಎಂಬುದೇ ಈ ಕಥೆಯ ತಿರುವು.

ಆಕಾಶದಿಂದ ತೆಗೆದ ಚಿತ್ರವನ್ನು ಓದುವ ವಿದ್ಯೆ ಭಾರತಕ್ಕೆ ಬಂದದ್ದು ಮೊದಲು ವಿಮಾನದ ಮೂಲಕ. 1966ರಲ್ಲಿ ಡಚ್ಚರ ನೆರವಿನಿಂದ ಡೆಹ್ರಾಡೂನಿನಲ್ಲಿ ಫೋಟೋ ಇಂಟರ್‌ಪ್ರಿಟೇಶನ್ ಸಂಸ್ಥೆ ಶುರುವಾಯಿತು. ಸುಮಾರು 1970ರ ವೇಳೆಗೆ ಪಿ. ಆರ್. ಪಿಶಾರೋಟಿಯವರ ಮುಂದಾಳ್ತನದಲ್ಲಿ ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರ್ ಹಾರಿಸಿ, ಅವಕೆಂಪು ಫಿಲ್ಮಿನಲ್ಲಿ ಚಿತ್ರ ತೆಗೆದು, ರೋಗ ಹಿಡಿದ ಮರಗಳನ್ನು ಗುರುತಿಸಿದರು. 1974ರಲ್ಲಿ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯಡಿ ಎನ್‌ಆರ್‌ಎಸ್‌ಎ ಹುಟ್ಟಿತು, 1980ರಲ್ಲಿ ಬಾಹ್ಯಾಕಾಶ ಇಲಾಖೆಗೆ ಬಂತು. ಡೆಹ್ರಾಡೂನಿನ ಸಂಸ್ಥೆಯೂ ಇದರ ಅಂಗವಾಯಿತು. 1979ರಲ್ಲಿ ಊರಿನ ದಕ್ಷಿಣಕ್ಕೆ, ಬೆಂಗಳೂರು ರಸ್ತೆಯಲ್ಲಿ ಸಿಗುವ ಶಾದನಗರದಲ್ಲಿ ನೆಲಕೇಂದ್ರ ಸ್ಥಾಪಿಸಿ ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳ ಚಿತ್ರವನ್ನು ನೇರವಾಗಿ ಹಿಡಿಯತೊಡಗಿದರು. ಅಂದರೆ ಶರ್ಮಾ ಮೇಲೇರುವ ಐದು ವರ್ಷ ಮೊದಲೇ ಫಿಲ್ಮಿಲ್ಲದ, ಗಗನಯಾತ್ರಿಯಿಲ್ಲದ ಚಿತ್ರ ಶಾದನಗರದ ಆಂಟೆನಾಗೆ ಬಂದಿಳಿಯುತ್ತಿತ್ತು. 1982ರಲ್ಲಿ ಬಿ. ಎಲ್. ದೀಕ್ಷಿತುಲು ನಿರ್ದೇಶಕರಾದರು, 1996ರವರೆಗೂ ಅವರೇ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, ಅಲ್ಲೇ ಪಾಠ ಹೇಳಿ ಬಂದವರು ಅವರು. ಹದಿನಾಲ್ಕು ವರ್ಷ ಒಬ್ಬರೇ ಚುಕ್ಕಾಣಿ ಹಿಡಿದಿರುವುದು ಸರ್ಕಾರಿ ಸಂಸ್ಥೆಗಳಲ್ಲಿ ಅಪರೂಪ. ಗಗನಯಾನಕ್ಕೆ ಸಿಗದೇ ಹೋದ ನಿರಂತರತೆ ಈ ಸಂಸ್ಥೆಗೆ ಸಿಕ್ಕಿತು.

ಆ ನಿರಂತರತೆಯಿಂದ ಏನು ಸಾಧ್ಯವಾಯಿತು ಎಂಬುದಕ್ಕೆ ಯಾನದ ಆಸುಪಾಸಿನಲ್ಲೇ ಒಂದು ಉದಾಹರಣೆಯಿದೆ. ಗಗನಯಾನಕ್ಕಿಂತ ದೊಡ್ಡ ಸುದ್ದಿಯಾಗಬೇಕಿದ್ದ ಸಂಗತಿ ಅದು. ದೇಶದಲ್ಲಿ ಅರಣ್ಯ ಎಷ್ಟಿದೆ ಎಂಬುದಕ್ಕೆ ಅಲ್ಲಿಯವರೆಗೆ ಇದ್ದ ಉತ್ತರ ಅರಣ್ಯ ಇಲಾಖೆಗಳ ದಫ್ತರದ್ದು. ಕಾಗದದಲ್ಲಿ ಅರಣ್ಯವೆಂದು ಘೋಷಿತವಾದದ್ದು ದೇಶದ ಭೂಭಾಗದ ಶೇ. 22–23ರಷ್ಟಿತ್ತು. ಮರ ಇದೆಯೋ ಇಲ್ಲವೋ ಎಂಬುದು ಬೇರೆ ಮಾತು. ಎನ್‌ಆರ್‌ಎಸ್‌ಎ ಲ್ಯಾಂಡ್‌ಸ್ಯಾಟ್ ಚಿತ್ರಗಳಿಂದ ಎರಡು ಕಾಲಘಟ್ಟಗಳ ನಕ್ಷೆ ಮಾಡಿತು. 1972–75ರಲ್ಲಿ ಅರಣ್ಯದ ಹೊದಿಕೆ ಸುಮಾರು 5.55 ಕೋಟಿ ಹೆಕ್ಟೇರ್, ಭೂಭಾಗದ ಶೇ. 16.9. 1980–82ರ ಹೊತ್ತಿಗೆ ಅದು ಸುಮಾರು 4.63 ಕೋಟಿ ಹೆಕ್ಟೇರಿಗೆ, ಶೇ. 14.1ಕ್ಕೆ ಇಳಿದಿತ್ತು. ಹತ್ತು ವರ್ಷಕ್ಕೂ ಕಡಿಮೆ ಅವಧಿಯಲ್ಲಿ ತೊಂಬತ್ತು ಲಕ್ಷ ಹೆಕ್ಟೇರಿಗೂ ಹೆಚ್ಚು ಕಾಡು ಕಾಣೆಯಾಗಿದೆ ಎಂದು ಸರ್ಕಾರದ್ದೇ ಒಂದು ಸಂಸ್ಥೆ ಸರ್ಕಾರಕ್ಕೆ ಹೇಳಿದಂತಾಯಿತು. ಅರಣ್ಯದವರು ಒಪ್ಪಲಿಲ್ಲ. ಚಿತ್ರ ಓದುವ ಕ್ರಮ, ತೆಳುಗಾಡನ್ನು ಲೆಕ್ಕಕ್ಕೆ ಹಿಡಿಯುವ ಬಗೆ, ಎಲೆ ಉದುರುವ ಕಾಲದಲ್ಲಿ ತೆಗೆದ ಚಿತ್ರ, ಹೀಗೆ ವಾದಗಳು ನಡೆದವು. ಅವರ ತಕರಾರಿನಲ್ಲಿ ತಥ್ಯವೂ ಇತ್ತು. 1987ರಲ್ಲಿ ಭಾರತೀಯ ಅರಣ್ಯ ಸಮೀಕ್ಷೆಯ ಮೊದಲ ವರದಿ ಬಂದಾಗ ಅಂಕಿ ಶೇ. 19ಕ್ಕಿಂತ ಮೇಲೇರಿತು. ಯಾವ ಅಂಕಿ ಸರಿ ಎಂಬುದಕ್ಕಿಂತ ಗಮನಿಸಬೇಕಾದದ್ದು ಬೇರೆ ಇದೆ. ಅಲ್ಲಿಂದ ಮುಂದೆ ವಾದ ನಡೆದದ್ದು ಚಿತ್ರಗಳ ಮೇಲೆ. ದಫ್ತರದ ಅಂಕಿಯನ್ನೇ ನೆಚ್ಚಿಕೊಂಡು ಕೂರುವುದು ಯಾರಿಗೂ ಸಾಧ್ಯವಾಗಲಿಲ್ಲ. ಅರಣ್ಯ ಸಮೀಕ್ಷೆಯೇ ಉಪಗ್ರಹ ಚಿತ್ರಗಳನ್ನು ಆಧರಿಸಿ ಎರಡು ವರ್ಷಕ್ಕೊಮ್ಮೆ ವರದಿ ಕೊಡುವ ಪದ್ಧತಿ ಬಂತು. ಮೇಲಿನಿಂದ ಭಾರತ ಹೇಗೆ ಕಾಣುತ್ತದೆ ಎಂಬ ಪ್ರಶ್ನೆಗೆ ಹೈದರಾಬಾದು ಕೊಟ್ಟ ಈ ಉತ್ತರ ಕೇಳಲು ಹಿತವಾಗಿರಲಿಲ್ಲ, ಬಹುಶಃ ಅದಕ್ಕೇ ಯಾರ ಬಾಯಲ್ಲೂ ಉಳಿಯಲಿಲ್ಲ.

ಇಲ್ಲಿ ಎರಡನೇ ಆಕ್ಷೇಪಣೆ, ಮೊದಲನೆಯದಕ್ಕಿಂತ ಬಿಗಿಯಾದದ್ದು. ಲ್ಯಾಂಡ್‌ಸ್ಯಾಟ್ ಚಿತ್ರ ಹೇಗೂ ಬರುತ್ತಿತ್ತಲ್ಲ, ಅದರಿಂದ ದೇಶದ ಅರಣ್ಯವನ್ನೇ ಅಳೆದಾಗಿತ್ತಲ್ಲ, ಹಾಗಿದ್ದರೆ ಟೆರ್ರಾದಿಂದ ಹೆಚ್ಚುವರಿ ಸಿಕ್ಕಿದ್ದೇನು? ಸಿಕ್ಕಿದ್ದು ಮುಖ್ಯವಾಗಿ ಸೂಕ್ಷ್ಮತೆ. ಆಗ ಬಳಕೆಯಲ್ಲಿದ್ದ ಲ್ಯಾಂಡ್‌ಸ್ಯಾಟ್‌ನ ನಾಲ್ಕು ಪಟ್ಟಿಗಳ ಚಿತ್ರದಲ್ಲಿ ಸುಮಾರು 80 ಮೀಟರಿಗಿಂತ ಚಿಕ್ಕದು ಬಿಡಿಯಾಗಿ ಕಾಣುತ್ತಿರಲಿಲ್ಲ. ಎಂಕೆಎಫ್‌ನ ಫಿಲ್ಮಿನಲ್ಲಿ ಸುಮಾರು 20 ಮೀಟರಿನಷ್ಟರದ್ದನ್ನೂ ಬಿಡಿಸಿ ನೋಡಬಹುದಿತ್ತು. ಭಾರತದ ಹೊಲಗಳು ಅಮೆರಿಕದ ಹೊಲಗಳಲ್ಲ. ಎರಡೆಕರೆ ರಾಗಿ, ಪಕ್ಕದಲ್ಲಿ ಒಂದೆಕರೆ ಶೇಂಗಾ, ನಡುವೆ ಬದುವಿನ ಮೇಲೆ ನಾಲ್ಕು ಹೊಂಗೆ ಇರುವ ನೆಲವನ್ನು 80 ಮೀಟರಿನ ಕಣ್ಣಿನಿಂದ ನೋಡಿದರೆ ಎಲ್ಲ ಕಲಸಿಹೋಗುತ್ತದೆ. ಹೆಚ್ಚು ಸೂಕ್ಷ್ಮವಾದ, ಹೆಚ್ಚು ಪಟ್ಟಿಗಳ ಚಿತ್ರ ಸಿಕ್ಕರೆ ನಮ್ಮ ನೆಲದಲ್ಲಿ ಏನು ಬಿಡಿಸಿ ಹೇಳಬಹುದು ಎಂದು ಪರೀಕ್ಷಿಸಲು ಟೆರ್ರಾ ಒಂದು ಅವಕಾಶವಾಗಿತ್ತು. ಮುಂದಿನ ವರ್ಷಗಳಲ್ಲಿ ನಮ್ಮ ದೂರಸಂವೇದಿ ತಜ್ಞರು ಆ ಛಾಯಾಚಿತ್ರಗಳನ್ನು ಮಣ್ಣಿನ ಅಧ್ಯಯನದಂಥ ಕೆಲಸಕ್ಕೆ ಬಳಸಿ ನೋಡಿದರು. ಆದರೆ ಆಕ್ಷೇಪಣೆಯ ಉಳಿದರ್ಧವನ್ನು ಒಪ್ಪಲೇಬೇಕು. ಆಡಳಿತಕ್ಕೆ ಬೇಕಾದದ್ದು ಒಂದು ಒಳ್ಳೆಯ ಚಿತ್ರವಲ್ಲ, ಒಂದೇ ನೆಲದ ಚಿತ್ರ ಗೊತ್ತಾದ ದಿನಗಳ ಅಂತರದಲ್ಲಿ, ದಿನದ ಅದೇ ಗಳಿಗೆಯ ಬಿಸಿಲಿನಲ್ಲಿ ಮತ್ತೆ ಮತ್ತೆ ಬರಬೇಕು. ಬರ ಬಂದಿದೆಯೋ, ಕೆರೆ ಬತ್ತಿದೆಯೋ, ಕಾಡು ಸರಿದಿದೆಯೋ ಎಂಬುದು ಹೋಲಿಕೆಯಿಂದ ಮಾತ್ರ ತಿಳಿಯುವುದು. ಸಲ್ಯೂತ್‌ನಂಥ ನಿಲ್ದಾಣದ ಕಕ್ಷೆಯಲ್ಲಿ ಒಂದೇ ಜಾಗದ ಮೇಲೆ ಹಾದುಹೋಗುವ ಹೊತ್ತು ದಿನದಿಂದ ದಿನಕ್ಕೆ ಜಾರುತ್ತಿರುತ್ತದೆ, ನೆರಳು ಬದಲಾಗುತ್ತದೆ, ಹೋಲಿಕೆ ಕೆಡುತ್ತದೆ. ಟೆರ್ರಾ ನಮ್ಮ ದೂರಸಂವೇದಿ ವ್ಯವಸ್ಥೆಯ ಅಡಿಪಾಯವಾಯಿತು ಎಂದು ಯಾರಾದರೂ ಬರೆದರೆ ಅದು ಸ್ಮರಣ ಸಂಚಿಕೆಗಳ ವಾಡಿಕೆಯ ಉತ್ಪ್ರೇಕ್ಷೆ. ಅದೊಂದು ಪರೀಕ್ಷೆ. ಪರೀಕ್ಷೆಯ ಉತ್ತರಪತ್ರಿಕೆಯನ್ನು ಓದಬಲ್ಲವರು ಇಲ್ಲಿದ್ದರು ಎಂಬುದೇ ಅದರ ಹೆಚ್ಚುಗಾರಿಕೆ.

ವ್ಯವಸ್ಥೆಯ ಅಡಿಪಾಯ ಬೇರೆ ಕಡೆಯಿಂದ ಬಂತು. ಬೆಂಗಳೂರಿನ ಪೀಣ್ಯದ ಶೆಡ್ಡುಗಳಲ್ಲಿ ಯು. ಆರ್. ರಾವ್ ಅವರ ತಂಡ ಕಟ್ಟಿದ ಆರ್ಯಭಟ 1975ರಲ್ಲಿ ಹಾರಿತ್ತು. ಅದರ ಹಿಂದೆಯೇ ಬಂದ ಭಾಸ್ಕರ-1 ಮತ್ತು 2, 1979 ಮತ್ತು 1981ರಲ್ಲಿ, ಟಿ.ವಿ. ಕ್ಯಾಮೆರಾಗಳಿಂದ ಭೂಮಿಯನ್ನು ಒರಟಾಗಿ, ಒಂದು ಕಿಲೋಮೀಟರಿನ ಸೂಕ್ಷ್ಮತೆಯಲ್ಲಿ ನೋಡಿದವು. ಈ ಸರಣಿಯ ಫಲವಾದ ಐಆರ್‌ಎಸ್-1ಎ 1988ರ ಮಾರ್ಚ್ 17ರಂದು ಮೇಲೇರಿದ್ದು, ಶರ್ಮಾ ಹೊರಟ ಬೈಕನೂರಿನಿಂದಲೇ. 904 ಕಿ.ಮೀ. ಎತ್ತರದಲ್ಲಿ, 22 ದಿನಕ್ಕೊಮ್ಮೆ ಅದೇ ನೆಲದ ಮೇಲೆ ಮರಳುತ್ತ, ಅದು 72.5 ಮೀಟರ್ ಮತ್ತು 36.25 ಮೀಟರ್ ಸೂಕ್ಷ್ಮತೆಯ ಚಿತ್ರಗಳನ್ನು ಶಾದನಗರಕ್ಕೆ ಇಳಿಸತೊಡಗಿತು. ಬಂಜರು ಭೂಮಿಯ ನಕ್ಷೆ, ಕುಡಿಯುವ ನೀರಿನ ರಾಷ್ಟ್ರೀಯ ಮಿಷನ್ನಿಗಾಗಿ ಅಂತರ್ಜಲ ಎಲ್ಲಿ ಸಿಗಬಹುದೆಂಬ ನಕ್ಷೆ, ಈ ಕೆಲಸಗಳು ಜಿಲ್ಲೆ ಜಿಲ್ಲೆಗೂ ತಲುಪಿದವು. ಕೊಳವೆಬಾವಿ ತೋಡುವ ಮುನ್ನ ನಕ್ಷೆ ನೋಡುವ ರೂಢಿ ರಾಯಚೂರು, ಮಹಬೂಬ್‌ನಗರದಂಥ ಕಲ್ಲುನೆಲದ ಜಿಲ್ಲೆಗಳಿಗೆ ಎಷ್ಟು ಮುಖ್ಯ ಎಂದು ಈ ಸೀಮೆಯ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ.

ಮೂರನೇ ಆಕ್ಷೇಪಣೆ ಹೆಚ್ಚು ನೋವಿನದು. ಇಷ್ಟೆಲ್ಲ ಮಾಡಿ, ಎರಡನೇ ಭಾರತೀಯ ಬಾಹ್ಯಾಕಾಶಕ್ಕೆ ಹೋಗಲು 41 ವರ್ಷ ಬೇಕಾಯಿತಲ್ಲ, ಅಂದಮೇಲೆ 1984 ವ್ಯರ್ಥವಲ್ಲವೇ? ಇದಕ್ಕೆ ಎರಡು ಉತ್ತರಗಳಿವೆ. ಮುಂದಿನ ಹೆಜ್ಜೆ ಇಡಬೇಕೆಂಬ ಪ್ರಯತ್ನವೇ ಇರಲಿಲ್ಲ ಎಂಬುದು ನಿಜವಲ್ಲ. ಅಮೆರಿಕದ ಶಟಲ್‌ನಲ್ಲಿ ಇನ್ಸಾಟ್-1ಸಿ ಉಪಗ್ರಹದ ಜೊತೆಗೆ ಹೋಗಲು ಇಸ್ರೋದ ಇಬ್ಬರು ಎಂಜಿನಿಯರುಗಳು, ಪಿ. ರಾಧಾಕೃಷ್ಣನ್ ಮತ್ತು ಕರ್ನಾಟಕದ ನಾಗಪತಿ ಚಿದಂಬರ ಭಟ್, ಆಯ್ಕೆಯಾಗಿದ್ದರು. 1986ರ ಜನವರಿ 28ರಂದು ಚಾಲೆಂಜರ್ ಸಿಡಿದು ಏಳು ಮಂದಿ ಸತ್ತ ಮೇಲೆ ಆ ಯಾನ ರದ್ದಾಯಿತು. ಇನ್ಸಾಟ್-1ಸಿ ಎರಡು ವರ್ಷದ ಮೇಲೆ ಯುರೋಪಿನ ಏರಿಯಾನ್ ರಾಕೆಟ್ಟಿನಲ್ಲಿ, ಗಗನಯಾತ್ರಿಯಿಲ್ಲದೆ, ಹೋಯಿತು. ಆ ಹಾರಾಟ ನಡೆದಿದ್ದರೆ ನಮ್ಮ ಎರಡನೆಯ ಗಗನಯಾತ್ರಿ ಇಸ್ರೋ ಒಳಗಿನವರೇ ಆಗಿರುತ್ತಿದ್ದರು, ವಾರಸುದಾರ ಸಂಸ್ಥೆಯೂ ಆಗಲೇ ಹುಟ್ಟುತ್ತಿತ್ತೇನೋ. ಇನ್ನೊಂದು ಉತ್ತರ, ಈ ಅಂತರದಲ್ಲಿ ಒಂದು ಪಾಲು ಬೇಕೆಂದೇ ಆರಿಸಿಕೊಂಡದ್ದು. ವಿಕ್ರಮ್ ಸಾರಾಭಾಯಿ ಅವರು 1960ರ ದಶಕದಲ್ಲೇ, ಚಂದ್ರಯಾನದಲ್ಲಾಗಲಿ ಮಾನವಸಹಿತ ಯಾನದಲ್ಲಾಗಲಿ ಶ್ರೀಮಂತ ದೇಶಗಳೊಡನೆ ಸ್ಪರ್ಧಿಸುವ ಕನಸು ನಮಗಿಲ್ಲ, ಸಮಾಜದ ಸಮಸ್ಯೆಗಳಿಗೆ ಈ ತಂತ್ರಜ್ಞಾನವನ್ನು ಬಳಸುವುದರಲ್ಲಿ ಮಾತ್ರ ನಾವು ಯಾರಿಗೂ ಹಿಂದೆ ಬೀಳಬಾರದು ಎಂದಿದ್ದರು. ಸೀಮಿತ ಹಣದಲ್ಲಿ ಒಂದನ್ನು ಬೆಳೆಸಬೇಕೆಂದಾಗ ಶಾದನಗರದ ಆಂಟೆನಾಗೆ ಹಣ ಹೋಯಿತು, ಗಗನಯಾತ್ರಿಗಳ ಶಾಲೆಗೆ ಹೋಗಲಿಲ್ಲ. ಆ ಆಯ್ಕೆ ಸರಿಯಿತ್ತೆಂದೇ ನನ್ನ ಎಣಿಕೆ. ಹಾಗೆಂದು ನಷ್ಟವೇ ಆಗಲಿಲ್ಲ ಎನ್ನುವಂತಿಲ್ಲ. ಶಾಲೆ ಕಟ್ಟಲು ಹಣವಿರಲಿಲ್ಲ ಸರಿ, ಕಲಿತು ಬಂದ ಇಬ್ಬರ ಅನುಭವವನ್ನು ದಾಖಲಿಸಿಡುವ ಒಂದು ಸಣ್ಣ ವಿಭಾಗಕ್ಕೆ ಎಷ್ಟು ಖರ್ಚಾಗುತ್ತಿತ್ತು? ಬಡತನದ ನೆಪ ಅಲ್ಲಿ ನಿಲ್ಲುವುದಿಲ್ಲ.

ಆ ಲೋಪ ಸರಿಹೋಗತೊಡಗಿದ್ದು ತೀರ ಇತ್ತೀಚೆಗೆ. 2018ರಲ್ಲಿ ಗಗನಯಾನ ಕಾರ್ಯಕ್ರಮದ ಘೋಷಣೆಯಾಯಿತು. 2019ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಇಸ್ರೋದ ಮಾನವ ಬಾಹ್ಯಾಕಾಶ ಯಾನ ಕೇಂದ್ರ ಶುರುವಾಯಿತು. ಗಗನಯಾತ್ರಿಗಳು ಈಗಲೂ ವಾಯುಪಡೆಯವರೇ, ವೈದ್ಯಕೀಯ ಪರೀಕ್ಷೆ ಈಗಲೂ ಬೆಂಗಳೂರಿನಲ್ಲೇ, ಊಟ ಈಗಲೂ ಮೈಸೂರಿನದೇ. ಹೊಸದು ಎಂದರೆ ಈ ಎಲ್ಲ ತುಂಡುಗಳ ಲೆಕ್ಕ ಇಡುವ ಮನೆಯೊಂದು ಇದೆ ಎಂಬುದು. 2025ರ ಜೂನ್ 25ರಂದು ಶುಭಾಂಶು ಶುಕ್ಲಾ ಆಕ್ಸಿಯಮ್-4 ಯಾನದಲ್ಲಿ ಹೊರಟು, ಮರುದಿನ ಅಂತಾರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ ಸೇರಿ, ಜುಲೈ 15ರಂದು ಮರಳಿದರು. ಬೇರೆ ದೇಶದ ವಾಹನ, ಬೇರೆಯವರ ನಿಲ್ದಾಣ, ಪ್ರಧಾನಿಯೊಡನೆ ಮಾತು, ಎಲ್ಲವೂ 1984ರದ್ದೇ ಚೌಕಟ್ಟು. ಆದರೆ ಈ ಸಲ ಹೋದವರ ಅನುಭವ ಮುಂದಿನ ಯಾನದ ತಯಾರಿಗೆ ಸೇರುವಂತೆ ಮೊದಲೇ ಏರ್ಪಾಡಾಗಿತ್ತು. ಕೊಂಡೊಯ್ದ ಭಾರತೀಯ ಪ್ರಯೋಗಗಳಿಗೂ ಒಬ್ಬೊಬ್ಬ ಒಡೆಯರಿದ್ದರು. ಮೆಂತ್ಯ ಮತ್ತು ಹೆಸರುಕಾಳಿನ ಮೊಳಕೆಯ ಪ್ರಯೋಗ ಧಾರವಾಡದ ಕೃಷಿ ವಿಶ್ವವಿದ್ಯಾಲಯದ್ದು, ಮರಳಿ ಬಂದ ಕಾಳು ಯಾರ ಮೇಜಿಗೆ ಹೋಗಬೇಕೆಂಬ ಗೊಂದಲ ಅಲ್ಲಿರಲಿಲ್ಲ. 1984ರಲ್ಲಿ ಇಂಥ ಮೇಜು ಭೂಮಿಯ ಚಿತ್ರಗಳಿಗೆ ಮಾತ್ರ ಇತ್ತು. ಆ ಯಾನದ ಇನ್ನುಳಿದ ಪ್ರಯೋಗಗಳ ಫಲಿತಾಂಶಗಳು ಒಂದೆಡೆ ಸೇರಿ ಕನ್ನಡದಲ್ಲಾಗಲಿ ಇಂಗ್ಲಿಷಿನಲ್ಲಾಗಲಿ ಸಾಮಾನ್ಯ ಓದುಗನ ಕೈಗೆ ಸುಲಭವಾಗಿ ಸಿಗುವಂತೆ ಆಗಬೇಕಾದ ಕೆಲಸ ಇದೆ. ವಾಯುಪಡೆಯ ವೈದ್ಯರ, ಮೈಸೂರಿನ ಆಹಾರ ವಿಜ್ಞಾನಿಗಳ, ಹೈದರಾಬಾದಿನ ದೂರಸಂವೇದಿ ತಜ್ಞರ ಕಡತಗಳನ್ನು ಅಕ್ಕಪಕ್ಕ ಇಟ್ಟು ನೋಡಲು ಆಗ ಕೆಲಸ ಮಾಡಿದವರಲ್ಲಿ ಕೆಲವರಾದರೂ ನಮ್ಮೊಂದಿಗಿರುವ ಈ ವರ್ಷಗಳೇ ತಕ್ಕ ಕಾಲ.